ಹತ್ತು ದಿನದ ಜರ್ಮನಿ ಕೆಲಸಕ್ಕೆ ಏನೇನು ಬೇಕು?

ಪ್ರಶ್ನೆ: ಪೀಣ್ಯದಲ್ಲಿ ನನ್ನದು ಬಿಡಿಭಾಗಗಳ ಸಣ್ಣ ಕಾರ್ಖಾನೆ. ಸ್ಟುಟ್‌ಗಾರ್ಟ್‌ನ ಕಂಪನಿಯೊಂದು ಹತ್ತು ದಿನದ ಮಾತುಕತೆಗೆ ಕರೆದಿದೆ. ಯಾವ ವೀಸಾ ಬೇಕು ಸರ್?

ಉತ್ತರ: ತುಂಬಾ ಖುಷಿಯಾಯಿತು. ನಿಮಗೆ ಬೇಕಿರುವುದು ಷೆಂಗೆನ್ ಬಿಸಿನೆಸ್ ವೀಸಾ, ಅಂದರೆ ಜರ್ಮನಿಯೂ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಅಲ್ಪಾವಧಿ ವೀಸಾ. ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ಆದರೆ ಪಾಸ್‌ಪೋರ್ಟ್‌ನಲ್ಲಿ ಅಂಟಿಸುವ ವೀಸಾ ಸ್ಟಿಕ್ಕರ್ ಮೇಲೆ ಎಷ್ಟು ದಿನ ಬರೆದಿದೆಯೋ ಅಷ್ಟೇ ನಿಮ್ಮ ಲೆಕ್ಕ.

ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು. ಅಲ್ಲಿಂದ ಹೊರಟ ಮೇಲೂ 3 ತಿಂಗಳು ಅವಧಿ ಉಳಿದಿರಬೇಕು, 2 ಪುಟ ಖಾಲಿ ಇರಬೇಕು. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆಯೂ ಬೇಕು.

ಎಲ್ಲಕ್ಕಿಂತ ಜಾಸ್ತಿ ಗಮನ ಕೊಡಬೇಕಾದದ್ದು ಆಹ್ವಾನ ಪತ್ರಕ್ಕೆ. ನಾನು ಮೊದಲ ಸಲ ಮೇಳವೊಂದಕ್ಕೆ ಹೊರಟಾಗ ಬಂದ ಪತ್ರದಲ್ಲಿ ಸುಮ್ನೆ ‘ಭೇಟಿಗೆ ಬನ್ನಿ’ ಎಂದಿತ್ತು. ತಾರೀಕಿಲ್ಲ, ಖರ್ಚು ಯಾರದು ಎಂದೂ ಇಲ್ಲ. ಹೊಸ ಪತ್ರ ಬರುವಷ್ಟರಲ್ಲಿ ಮೇಳವೇ ಮುಗಿದಿತ್ತು. ಇವತ್ತಿಗೂ ಆ ಬೇಸರ ಹೋಗಿಲ್ಲ. ಭೇಟಿಯ ಉದ್ದೇಶ, ದಿನಾಂಕ, ಖರ್ಚು ಯಾರದು, ಸಹಿ ಹಾಕಿದವರ ಹೆಸರು, ಹುದ್ದೆ ಎಲ್ಲವನ್ನೂ ಬರೆಸಿಕೊಳ್ಳಿ. ಕೇಳಲು ಸಂಕೋಚ ಬೇಡ.

ಅರ್ಜಿಯನ್ನು 6 ತಿಂಗಳು ಮೊದಲೇ ಹಾಕಬಹುದು. ಹೊರಡುವುದಕ್ಕೆ 15 ದಿನ ಇರುವಾಗ ಕೊನೆ. ಅಷ್ಟು ತಡ ಮಾಡಬೇಡಿ, ಈ ವಾರವೇ ಶುರು ಮಾಡಿ.