ಓದುಗರ ಪ್ರಶ್ನೆ: ಇಬ್ಬರಿಗೂ ದುಬೈಯಲ್ಲಿ ಟೀಚರ್ ಕೆಲಸ, ಸಂಸಾರ ಹೂಡುವುದು ಹೇಗೆ?

ಪ್ರಶ್ನೆ: ಅಕ್ಕ, ನಾವು ಬ್ರಹ್ಮಾವರದವರು. ನಾನು ಹೈಸ್ಕೂಲಿನಲ್ಲಿ ಗಣಿತ, ನಮ್ಮವರು ಪಿಯುನಲ್ಲಿ ಫಿಸಿಕ್ಸ್. ದುಬೈಯ ಒಂದು ಭಾರತೀಯ ಶಾಲೆಯಲ್ಲಿ ಇಬ್ಬರಿಗೂ ಕೆಲಸ ಸಿಕ್ಕಿದೆ, ಏಪ್ರಿಲ್‌ಗೆ ಸೇರಬೇಕು. ಒಂದನೇ ಕ್ಲಾಸಿನ ಮಗಳಿದ್ದಾಳೆ. ಮನೆ ನಾವೇ ಮಾಡಿಕೊಳ್ಳಬೇಕಂತೆ. ಕೈಯಲ್ಲಿ ಎಷ್ಟು ಹಣ ಇರಬೇಕು? "ಇಬ್ಬರೂ ಒಂದೇ ಶಾಲೆ, ಇನ್ನೇನು ಚಿಂತೆ" ಅಂತಾರೆ ಅತ್ತೆ. ನನಗೆ ಮಾತ್ರ ಧೈರ್ಯ ಬರುತ್ತಿಲ್ಲ.
– ಹೆಸರು ಬೇಡ, ಬ್ರಹ್ಮಾವರ

ಉತ್ತರ: ಅತ್ತೆಯವರಿಗೆ ಯಾವುದು ಧೈರ್ಯವೋ ನನಗೆ ಅದೇ ಚಿಂತೆ. ಇಬ್ಬರ ಸಂಬಳ, ಇಬ್ಬರ ವೀಸಾ, ಮಗಳ ಫೀಸಿನ ರಿಯಾಯಿತಿ ಎಲ್ಲ ಒಂದೇ ಆಡಳಿತ ಮಂಡಳಿಯ ಕೈಯಲ್ಲಿ. ಅಡ್ಮಿಷನ್ ಇಳಿದ ವರ್ಷ ಅವರು ಟೀಚರ್‌ಗಳನ್ನು ಕಡಿಮೆ ಮಾಡಿದರೆ ನಿಮಗೆ ಎರಡೂ ಕಡೆ ಏಟು. ಹಾಗಂತ ಬಿಡಬೇಡಿ, ಹೋಗಿ. ಮೊದಲ ವರ್ಷ ಒಟ್ಟಿಗೆ ಇರುವುದೇ ಸುಲಭ, ದಾರಿಯೂ ಒಂದೇ, ರಜೆಯೂ ಒಂದೇ. ಆದರೆ ಕಾಲೂರಿದ ಮೇಲೆ ಒಬ್ಬರು ಬೇರೆ ಶಾಲೆ ನೋಡಿಕೊಳ್ಳಿ. ಇದನ್ನು ಈಗಲೇ ಇಬ್ಬರೂ ಮಾತಾಡಿಟ್ಟುಕೊಳ್ಳಿ. ಅಲ್ಲಿ ಹೋದ ಮೇಲೆ ಪೇಪರ್ ತಿದ್ದುವುದರಲ್ಲೇ ರಾತ್ರಿ ಕಳೆಯುತ್ತದೆ, ಮಾತಿಗೆ ಪುರುಸೊತ್ತು ಸಿಗುವುದಿಲ್ಲ.

ಈಗ ಹಣ. ನಮ್ಮಲ್ಲಿ ಅಡ್ವಾನ್ಸ್ ಕೊಟ್ಟು ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತೇವೆ. ಅಲ್ಲಿ ವರ್ಷದ ಬಾಡಿಗೆಗೆ ಮುಂದಿನ ತಾರೀಕಿನ ಚೆಕ್‌ಗಳನ್ನು ಮೊದಲೇ ಬರೆದು ಕೊಡಬೇಕು, ಒಂದೋ, ಎರಡೋ, ನಾಲ್ಕೋ ಅದು ಮಾಲೀಕರ ಮರ್ಜಿ. ಲೆಕ್ಕಕ್ಕೆ ವರ್ಷಕ್ಕೆ 60 ಸಾವಿರ ದಿರ್ಹಂ ಅಂತ ಇಟ್ಟುಕೊಳ್ಳಿ. ನಾಲ್ಕು ಚೆಕ್ ಆದರೆ ಮೊದಲನೆಯದೇ 15 ಸಾವಿರ. ಡಿಪಾಸಿಟ್ ಸಾಮಾನ್ಯವಾಗಿ ಶೇ. 5, ಬ್ರೋಕರ್‌ಗೆ ಇನ್ನೊಂದು ಶೇ. 5, ಕರೆಂಟು-ನೀರಿನ ಡಿಪಾಸಿಟ್ ಫ್ಲ್ಯಾಟ್‌ಗೆ 2 ಸಾವಿರ. ಮನೆಗೆ ಒಂದು ಮಂಚ ತರುವ ಮೊದಲೇ 23 ಸಾವಿರ ಹೋಯಿತು, ಅಲ್ವಾ? ಅದರ ಮೇಲೆ ಎರಡು ತಿಂಗಳ ಖರ್ಚು ಸೇರಿಸಿ. ಇನ್ನೊಂದು ತೊಡಕಿದೆ. ಚೆಕ್ ಬೇಕಾದರೆ ಬ್ಯಾಂಕ್ ಖಾತೆ ಬೇಕು, ಖಾತೆಗೆ ಎಮಿರೇಟ್ಸ್ ಐಡಿ (ಅಲ್ಲಿನ ನಿವಾಸಿಗಳ ಗುರುತಿನ ಚೀಟಿ) ಬೇಕು, ಅದು ಮೆಡಿಕಲ್ ಟೆಸ್ಟ್ ಮುಗಿಯದೆ ಬರುವುದಿಲ್ಲ. ಹಾಗಾಗಿ ಇಳಿದ ವಾರವೇ ಸ್ವಂತ ಬಾಡಿಗೆ ಮನೆ ಅನ್ನುವ ಆಸೆ ಬಿಡಿ. ಮೊದಲ ತಿಂಗಳು ಉಳಿಯುವ ವ್ಯವಸ್ಥೆ ಯಾರದು, ಬಾಡಿಗೆಗೆ ಸಂಬಳದ ಅಡ್ವಾನ್ಸ್ ಕೊಡುತ್ತಾರಾ ಎಂದು ಶಾಲೆಯವರನ್ನು ಈಗಲೇ ಕೇಳಿ, ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಸಾಧ್ಯವಾದರೆ ನಿಮ್ಮವರು ಮೊದಲು ಹೋಗಲಿ, ನೀವೂ ಮಗಳೂ ಆಮೇಲೆ ಹೊರಡಿ.

ಪಕ್ಕದ ಶಾರ್ಜಾದಲ್ಲಿ ಬಾಡಿಗೆ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ನಿಜ. ಆದರೆ ಬೆಳಗ್ಗೆ ಶಾರ್ಜಾದಿಂದ ದುಬೈಗೆ ಬರುವ ರಸ್ತೆಯ ಜಾಮ್ ನೋಡಿದರೆ ಮಂಗಳೂರಿನ ಪಂಪ್‌ವೆಲ್ ಸರ್ಕಲ್ ಅನ್ನು ಬೈದವರೆಲ್ಲ ಕ್ಷಮೆ ಕೇಳುತ್ತಾರೆ. ಶಾಲೆ ಬಸ್ಸಿನಲ್ಲಿ ಟೀಚರ್‌ಗಳಿಗೂ ಸೀಟು ಇದೆಯಾ, ಯಾವ ರೂಟಿನಲ್ಲಿ ಬರುತ್ತದೆ ಎಂದು ಕೇಳಿಕೊಂಡು ಆಮೇಲೆ ಮನೆ ಹುಡುಕಿ.

ಕಾಗದಪತ್ರ ಇಂದೇ ಶುರು ಮಾಡಿ. ಡಿಗ್ರಿ, ಬಿ.ಎಡ್. ಸರ್ಟಿಫಿಕೇಟಿಗೆ ಮೊದಲು ರಾಜ್ಯದ ಮುದ್ರೆ, ಆಮೇಲೆ ನಮ್ಮ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿನ ವಿದೇಶಾಂಗ ಸಚಿವಾಲಯ. ಮಗಳ ವೀಸಾಕ್ಕೆ ಅವಳ ಜನನ ಪ್ರಮಾಣಪತ್ರಕ್ಕೂ ಇದೇ ಕಥೆ. ಮದುವೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಆಗಿದೆ ತಾನೇ? ದೇವಸ್ಥಾನದ ರಸೀದಿ ನಡೆಯುವುದಿಲ್ಲ. ಕೆಲಸ ಕೊಡಿಸಿದ್ದಕ್ಕೆ ಅಂತ ಏಜೆಂಟ್ ಹಣ ಕೇಳಿದರೆ ಕೊಡಬೇಡಿ, ನೇಮಕಾತಿಯ ಖರ್ಚನ್ನು ನೌಕರರಿಂದ ವಸೂಲಿ ಮಾಡುವುದು ಯುಎಇ ಕಾನೂನಿಗೆ ವಿರುದ್ಧ. ಒಪ್ಪಂದದಲ್ಲಿ ಬೇಸಿಕ್ ಎಷ್ಟು ಎಂದೂ ನೋಡಿ. ಗ್ರಾಚ್ಯುಟಿ ಬೇಸಿಕ್ ಮೇಲೆ ಮಾತ್ರ, ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಲೆಕ್ಕ. ಒಟ್ಟು ಸಂಬಳ ದೊಡ್ಡದು ಕಂಡು ಬೇಸಿಕ್ ಸಣ್ಣದಿದ್ದರೆ ನಷ್ಟ ನಿಮ್ಮದು.

ಊಟಕ್ಕೆ ತಲೆಬಿಸಿ ಬೇಡ. ಕುಚ್ಚಲಕ್ಕಿ, ತೆಂಗಿನೆಣ್ಣೆ, ಬಂಗುಡೆ ಎಲ್ಲ ಸಿಗುತ್ತದೆ, ದುಬೈಯ ಕರಾಮ ಬಡಾವಣೆ ಕಡೆ ಹೋದರೆ ತುಳು ಮಾತೂ ಕಿವಿಗೆ ಬೀಳುತ್ತದೆ. ಸುಮ್ನೆ ಸೂಟ್‌ಕೇಸ್ ತುಂಬಿಸಬೇಡಿ. ಮುಖ್ಯವಾಗಿ, ಪಾಯಸಕ್ಕಿರಲಿ ಅಂತ ಅತ್ತೆ ಗಸಗಸೆ ಕಟ್ಟಿಕೊಟ್ಟರೆ ಮನೆಯಲ್ಲೇ ಬಿಟ್ಟು ಹೋಗಿ. ಯುಎಇಯಲ್ಲಿ ಅದಕ್ಕೆ ನಿಷೇಧವಿದೆ, ಬ್ಯಾಗಿನಲ್ಲಿ ಸಿಕ್ಕರೆ ಕೇಸು. ಜುಲೈ-ಆಗಸ್ಟ್ ರಜೆಗೆ ಮಂಗಳೂರಿನ ಟಿಕೆಟ್ ಬೇಗ ಮಾಡಿ, ಎಲ್ಲ ಟೀಚರ್‌ಗಳೂ ಊರಿಗೆ ಬರುವುದು ಆಗಲೇ, ದರ ಜಾಸ್ತಿ.

ಪ್ರಶ್ನೆ: ಅಕ್ಕ-ಭಾವ ಇಬ್ಬರೂ ಗಲ್ಫ್‌ನಲ್ಲಿ ಟೀಚರ್. ಊರಿನ ಉಳಿತಾಯ ಖಾತೆ ಹಾಗೇ ಇದೆ, ಮನೆ ಬಾಡಿಗೆ ಅದಕ್ಕೇ ಬೀಳುತ್ತದೆ. ಪರವಾಗಿಲ್ಲವಾ?
– ಓದುಗ, ಸುರತ್ಕಲ್

ಉತ್ತರ: ಹಾಗೇ ಬಿಡುವಂತಿಲ್ಲ! ಅನಿವಾಸಿ ಆದ ಮೇಲೆ ಹಳೇ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ಊರಿನ ಆದಾಯಕ್ಕಿರುವ ಖಾತೆ) ಮಾಡಿಸಬೇಕು, ಬಾಡಿಗೆ ಅದಕ್ಕೇ ಬರಲಿ. ಅಲ್ಲಿಂದ ಕಳಿಸುವ ಸಂಬಳಕ್ಕೆ ಬೇರೆ ಎನ್‌ಆರ್‌ಇ ಖಾತೆ ತೆರೆಯಲಿ, ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ರಜೆಗೆ ಬಂದಾಗ ಬ್ಯಾಂಕಿಗೆ ಹೋಗಿ ಮುಗಿಸಲು ಹೇಳಿ.