ಕಾರವಾರದ ಸೆಖೆಗೆ ಸ್ಪೋರ್ಟಿ ಕಾರು: ಸನ್‌ರೂಫ್ ಇರಲೋ, ವೆಂಟಿಲೇಟೆಡ್ ಸೀಟು ಇರಲೋ?

ಕಾರವಾರದಲ್ಲಿದ್ದೀರಿ, ಸ್ಪೋರ್ಟಿ ಕಾರು ಬೇಕು, ಮನೆಯವರೂ ಆರಾಮಾಗಿ ಕೂರಬೇಕು, ಸನ್‌ರೂಫ್‌ಗೆ ಜಾಸ್ತಿ ಹಣ ಹಾಕಲೋ ವೆಂಟಿಲೇಟೆಡ್ ಸೀಟಿಗೋ ಅಂತ ಕೇಳಿದ್ದೀರಿ. ಸೀಟಿಗೇ ಹಾಕಿ.

ನಾನು ಶಿರಸಿಯವನು. ನನ್ನದು ಟರ್ಬೊ ಹ್ಯಾಚ್‌ಬ್ಯಾಕ್. ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಕಾರವಾರಕ್ಕೆ ಆಗಾಗ ಬರುತ್ತೇನೆ. ಸ್ಪೋರ್ಟಿ ಅಂದರೆ ಒಳಗೆಲ್ಲ ಕಪ್ಪು ಅಲ್ವಾ? ಏಪ್ರಿಲ್‌ನಲ್ಲಿ ಟಾಗೋರ್ ಕಡಲತೀರದ ಹತ್ತಿರ ಒಂದು ಗಂಟೆ ನಿಲ್ಲಿಸಿ ಬಂದು ಕೂತರೆ ಕಪ್ಪು ಲೆದರೆಟ್ (ಕೃತಕ ಚರ್ಮ) ಸೀಟು ತೊಡೆ ಸುಡುತ್ತದೆ. ಎಸಿ ಹಾಕಿದರೆ ಮುಖ ತಂಪಾಗುತ್ತದೆ, ಬೆನ್ನು ಮಾತ್ರ ಒದ್ದೆ. ಇಳಿಯುವಾಗ ಅಂಗಿಯನ್ನು ಸೀಟಿನಿಂದ ಬಿಡಿಸಿಕೊಳ್ಳಬೇಕು. ವೆಂಟಿಲೇಟೆಡ್ ಸೀಟಿನೊಳಗೆ ಸಣ್ಣ ಫ್ಯಾನ್ ಇರುತ್ತದೆ, ಮೇಲೆ ಸಣ್ಣ ಸಣ್ಣ ತೂತು. ಗಾಳಿ ಆಡಿ ಬೆವರು ಆರುತ್ತದೆ. 2024ರಲ್ಲಿ ಬಂದ ಟಾಟಾ ಆಲ್ಟ್ರೋಜ್ ರೇಸರ್‌ನ ಮೇಲಿನ ವೇರಿಯಂಟ್‌ನಲ್ಲಿ, ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಪ್ಲಸ್‌ನಲ್ಲಿ ಮುಂದಿನ ಸೀಟುಗಳಿಗೆ ಇದು ಬಂದಿದೆ. ಆಮೇಲೆ ಅದರ ಮೇಲೆ ಸೀಟ್ ಕವರ್ ಹಾಕಿಸಬೇಡಿ. ತೂತು ಮುಚ್ಚುತ್ತದೆ, ಸೀಟಿನ ಬದಿಯ ಏರ್‌ಬ್ಯಾಗ್‌ಗೂ ಅಡ್ಡ.

ನನ್ನ ಕಾರಿನಲ್ಲಿ ಸನ್‌ರೂಫ್ ಇದೆ. ನಮ್ಮ ಮಳೆಗಾಲದಲ್ಲಿ ತೆಗೆಯುವ ಹಾಗಿಲ್ಲ, ಬೇಸಿಗೆಯಲ್ಲಿ ಬಿಸಿಲು ನೆತ್ತಿಗೇ ಬೀಳುತ್ತದೆ. ಡಿಸೆಂಬರ್ ಬೆಳಿಗ್ಗೆ ಘಟ್ಟದಲ್ಲಿ ಮಾತ್ರ ಬಹಳ ಚೆನ್ನ, ಅದು ನಿಜ.

ಮುಂದಿನ ಸೀಟುಗಳ ಬದಿ ಉಬ್ಬಿದ್ದರೆ ಘಟ್ಟದ ತಿರುವಿನಲ್ಲಿ ಮೈ ಜಾರುವುದಿಲ್ಲ, ಅದು ನನಗೆ ತುಂಬಾ ಇಷ್ಟ. ತೊಂದರೆ ಹಿಂದೆ ಕೂತವರಿಗೆ. ನಮ್ಮ ಆಯಿಗೆ ಘಟ್ಟ ಅಂದರೆ ವಾಂತಿ. ನನ್ನ ಕಾರಿನ ಮುಂದಿನ ಸೀಟು ಎತ್ತರ, ಹೆಡ್‌ರೆಸ್ಟ್ ಅಗಲ. ಹಿಂದೆ ಕೂತರೆ ಅವರಿಗೆ ರಸ್ತೆಯೇ ಕಾಣುವುದಿಲ್ಲ, ಬರೀ ಕಪ್ಪು ಗೋಡೆ. ಈಗ ಆಯಿ ಮುಂದೆ ಕೂರುತ್ತಾರೆ, ಕುಮಟಾದವರೆಗೂ ಮಾತಾಡುತ್ತಾ ಬರುತ್ತಾರೆ.

ಸಸ್ಪೆನ್ಷನ್ ಗಟ್ಟಿ ಇದ್ದು ಟೈರ್‌ನ ಪಕ್ಕದ ಗೋಡೆ ಗಿಡ್ಡ ಇದ್ದರೆ ಹೊಂಡದ ಪೆಟ್ಟು ಮೊದಲು ಹಿಂದಿನವರ ಸೊಂಟಕ್ಕೇ. ಹಾಗಾಗಿ ಟೆಸ್ಟ್ ಡ್ರೈವ್‌ನಲ್ಲಿ ಸುಮ್ನೆ ಹೈವೇ ಮೇಲೆ ಒಂದು ಸುತ್ತು ಹಾಕಿ ಬರಬೇಡಿ. ಹೊಂಡ ಇರುವ ಒಳರಸ್ತೆಗೆ ಒಯ್ಯಿರಿ, ಸ್ಟೀರಿಂಗ್ ಬೇರೆಯವರಿಗೆ ಕೊಟ್ಟು ಹತ್ತು ನಿಮಿಷ ನೀವೇ ಹಿಂದೆ ಕೂತು ನೋಡಿ.