ಕಂಪ್ಯೂಟರ್ ಪ್ರಶ್ನೋತ್ತರ: ಎಫ್12 ಒತ್ತುವುದು ಅಪಾಯವೇ?

ಪ್ರಶ್ನೆ: ವೆಬ್ ಡಿಸೈನ್ ಕಲಿಯುತ್ತಿದ್ದೇನೆ. ಎಫ್12 ಒತ್ತಿದರೆ ತೆರೆಯುವ ಕ್ರೋಮ್‌ನ ಡೆವಲಪರ್ ಟೂಲ್ಸ್ (ಪುಟದ ಕೋಡ್ ನೋಡಿ ಪರೀಕ್ಷಿಸುವ ಸಲಕರಣೆ) ದಿನವಿಡೀ ತೆರೆದೇ ಇರುತ್ತದೆ. ಅದರಲ್ಲೇ ಸಿವಿಇ-2023-0703 (ಸಿವಿಇ ಎಂದರೆ ಭದ್ರತಾ ದೋಷಗಳಿಗೆ ಕೊಡುವ ಗುರುತಿನ ಸಂಖ್ಯೆ) ಎಂಬ ‘ಟೈಪ್ ಕನ್‌ಫ್ಯೂಷನ್’ ದೋಷ ಇತ್ತಂತೆ. ಹಾಗೆಂದರೇನು? ಎಫ್12 ಒತ್ತುವುದನ್ನೇ ಬಿಡಬೇಕೆ?
– ಓದುಗರು, ಹಾಸನ

ಉತ್ತರ: ಬಿಡಬೇಕಿಲ್ಲ. ಆ ದೋಷವನ್ನು 2023ರ ಫೆಬ್ರುವರಿಯಲ್ಲಿ, ಕ್ರೋಮ್ 110.0.5481.77ರಲ್ಲೇ ಸರಿಪಡಿಸಿದ್ದಾರೆ. ಮರು ತಿಂಗಳು 111ನೇ ಆವೃತ್ತಿಯಲ್ಲಿ ಇದೇ ಜಾತಿಯ ಇನ್ನೊಂದು (ಸಿವಿಇ-2023-1235) ಮುಚ್ಚಿತು.

ಡೆವಲಪರ್ ಟೂಲ್ಸ್‌ನಲ್ಲಿ ನಮ್ಮ ಕಣ್ಣಿಗೆ ಬೀಳುವುದು ಜಾವಾಸ್ಕ್ರಿಪ್ಟ್‌ನಿಂದ ನಡೆಯುವ ಒಂದು ವೆಬ್ ಪುಟ ಅಷ್ಟೆ. ಅದರ ಹಿಂದೆ ಬ್ರೌಸರ್‌ನೊಳಗೆ ಕೆಲಸ ಮಾಡುವ ಭಾಗ ಸಿ ಪ್ಲಸ್ ಪ್ಲಸ್‌ನದು. ಮೆಮೊರಿಯ ತಾಪತ್ರಯವೆಲ್ಲ ಅಲ್ಲಿ. ಆ ಭಾಷೆಯಲ್ಲಿ ಒಂದು ಬಗೆಯ ಆಬ್ಜೆಕ್ಟನ್ನು ಇನ್ನೊಂದು ಬಗೆಯದೆಂದು ‘ಸ್ಟ್ಯಾಟಿಕ್ ಕಾಸ್ಟ್’ ಮಾಡಿದರೆ, ಅದು ನಿಜವೇ ಎಂದು ಪ್ರೋಗ್ರಾಂ ಓಡುವಾಗ ಯಾರೂ ತಪಾಸಣೆ ಮಾಡುವುದಿಲ್ಲ. ಮೊದಲನೆಯದರಲ್ಲಿ ಬರೀ ಅಂಕಿ ಇದ್ದ ಜಾಗದಲ್ಲಿ ಎರಡನೆಯದಕ್ಕೆ ಪಾಯಿಂಟರ್ (ಮೆಮೊರಿಯ ಒಂದು ಜಾಗದ ವಿಳಾಸ) ಇರಬೇಕಿತ್ತು ಎನ್ನಿ: ಆ ಅಂಕಿಯನ್ನೇ ವಿಳಾಸವೆಂದು ನಂಬಿ ಪ್ರೋಗ್ರಾಂ ಅಲ್ಲಿ ಓದಲು, ಬರೆಯಲು ಹೊರಡುತ್ತದೆ. ಇದೇ ‘ಟೈಪ್ ಕನ್‌ಫ್ಯೂಷನ್’. ಬಹುತೇಕ ಸಲ ಕ್ರ್ಯಾಶ್ ಆಗಿ ಮುಗಿಯುತ್ತದೆ. ಅಂಕಿ ದಾಳಿಕೋರನ ಹಿಡಿತದಲ್ಲಿದ್ದರೆ ಮಾತ್ರ ಹೀಪ್ (ಪ್ರೋಗ್ರಾಂ ಓಡುವಾಗ ಬಳಸುವ ಮೆಮೊರಿಯ ಭಾಗ) ಕೆಡಿಸಿ ತನ್ನ ಕೋಡ್ ಓಡಿಸಲು ಅವನಿಗೆ ದಾರಿಯಾಗುತ್ತದೆ.

ಈ ಎರಡೂ ದೋಷಗಳಿಗೆ ಒಂದು ಷರತ್ತಿತ್ತು. ಬಳಕೆದಾರರೇ ಪರದೆಯ ಮೇಲೆ ನಿರ್ದಿಷ್ಟ ಕ್ರಿಯೆಗಳನ್ನು ಮಾಡಬೇಕು. ಹಾಗಾಗಿ ‘ಇನ್‌ಸ್ಪೆಕ್ಟ್ ಒತ್ತಿ, ಇದನ್ನು ಕನ್ಸೋಲ್‌ಗೆ ಪೇಸ್ಟ್ ಮಾಡಿ’ ಎಂದು ಅಪರಿಚಿತ ಪುಟವೊಂದು ಹೇಳಿದರೆ ಕೇಳಬೇಡಿ (ಕನ್ಸೋಲ್ ಎಂದರೆ ಡೆವಲಪರ್ ಟೂಲ್ಸ್‌ನಲ್ಲಿ ಕೋಡ್ ಬರೆದು ಓಡಿಸುವ ಜಾಗ). ಪೇಸ್ಟ್ ಮಾಡಿಸುವ ಮೋಸಕ್ಕಂತೂ ಮೆಮೊರಿ ದೋಷವೇ ಬೇಕಿಲ್ಲ.

ಮೇಲಿನ ಮೂರು ಚುಕ್ಕಿ, ಹೆಲ್ಪ್, ಅಬೌಟ್ ಗೂಗಲ್ ಕ್ರೋಮ್ ತೆರೆದು ಆವೃತ್ತಿ ನೋಡಿ. ಅಪ್‌ಡೇಟ್ ಇಳಿದಿದ್ದರೂ ‘ರಿಲಾಂಚ್’ ಒತ್ತುವವರೆಗೆ ಓಡುತ್ತಿರುವುದು ಹಳೆಯದೇ. ಟ್ಯಾಬ್ ಮುಚ್ಚಲು ಮನಸ್ಸಾಗದವರು ಎಡವುವುದು ಇಲ್ಲೇ. ಎಡ್ಜ್, ಬ್ರೇವ್ ಬ್ರೌಸರ್‌ಗಳು ಕೂಡ ಕ್ರೋಮ್‌ಗೆ ಮೂಲವಾದ ಕ್ರೋಮಿಯಂ ಮೇಲೆಯೇ ನಿಂತಿವೆ, ಅವುಗಳನ್ನು ಬೇರೆಯಾಗಿ ಅಪ್‌ಡೇಟ್ ಮಾಡಬೇಕು. ನಿಮ್ಮದು ವಿಂಡೋಸ್ 7 ಆಗಿದ್ದರೆ ಕ್ರೋಮ್ 109ಕ್ಕೇ ನಿಂತಿರುತ್ತದೆ, ಈ ತಿದ್ದುಪಡಿ ಬಂದದ್ದು 110ರಲ್ಲಿ. ಅಂಥ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಬೇಡ.

ಪ್ರಶ್ನೆ: ಕಾಲೇಜು ಲ್ಯಾಬ್‌ನಲ್ಲಿ ಡೆವಲಪರ್ ಟೂಲ್ಸ್ ತೆರೆಯದಂತೆ ಮಾಡಬಹುದೆ?
– ಓದುಗರು, ಶಿರಸಿ

ಉತ್ತರ: ಮಾಡಬಹುದು. ವಿಂಡೋಸ್‌ನ ಗ್ರೂಪ್ ಪಾಲಿಸಿಗೆ (ಹಲವು ಯಂತ್ರಗಳ ಸೆಟ್ಟಿಂಗ್‌ಗಳನ್ನು ಒಟ್ಟಿಗೆ ನಿಯಂತ್ರಿಸುವ ವ್ಯವಸ್ಥೆ) ಕ್ರೋಮ್‌ನ ಟೆಂಪ್ಲೇಟ್ ಸೇರಿಸಿ, ‘ಡೆವಲಪರ್ ಟೂಲ್ಸ್ ಅವೈಲಬಿಲಿಟಿ’ ಬೆಲೆಯನ್ನು 2 ಮಾಡಿ. 1 ಕೊಟ್ಟರೆ ಎಲ್ಲೆಡೆ ತೆರೆಯುತ್ತದೆ, ಗಮನವಿರಲಿ. ವೆಬ್ ಪ್ರೋಗ್ರಾಮಿಂಗ್ ಕಲಿಸುವ ಲ್ಯಾಬ್‌ಗೆ ಈ ಬೀಗ ಹಾಕಬೇಡಿ, ಅಲ್ಲಿ ಅಪ್‌ಡೇಟ್ ಸಾಕು.